ಒಗರೂ ಬೇಕು, ಮೃದುತ್ವವೂ ಬೇಕು: ಬೋರ್ಡೋ ಕೆಂಪು ವೈನಿನ ಗುಣವಿಶೇಷ

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ 'ಬೋರ್ಡೋ ದ್ರಾವಣ' ಸಿಂಪಡಿಸುವುದು ಕರಾವಳಿ ಹಾಗೂ ಮಲೆನಾಡಿನ ಕೃಷಿಕರಿಗೆ ಹೊಸತಲ್ಲ. ಈ ಹೆಸರು ಬಂದದ್ದು ಫ್ರಾನ್ಸ್‌ನ ಬೋರ್ಡೋ ಪ್ರದೇಶದಿಂದ. ಅಲ್ಲಿನ ದ್ರಾಕ್ಷಿ ಬಳ್ಳಿಗಳ ಬೂಜುರೋಗಕ್ಕೆ ಇದು ಮದ್ದೆಂದು ವಿಜ್ಞಾನಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದರು. ಆದರೆ ಬೋರ್ಡೋ ಜಗತ್ಪ್ರಸಿದ್ಧವಾಗಿರುವುದು ಇನ್ನೊಂದು ಮಿಶ್ರಣಕ್ಕೆ. ಅದೇ ಅಲ್ಲಿನ ಕೆಂಪು ವೈನ್.

ಈ ವೈನ್ ಸಾಮಾನ್ಯವಾಗಿ ಒಂದೇ ತಳಿಯ ದ್ರಾಕ್ಷಿಯಿಂದ ಆಗುವುದಿಲ್ಲ. ಮುಖ್ಯ ತಳಿಗಳು ಎರಡು. ಮೊದಲನೆಯದು ಕ್ಯಾಬರ್ನೆ ಸೊವಿನ್ಯೋಂ. ಸಣ್ಣ ಕಾಳು, ದಪ್ಪ ಸಿಪ್ಪೆ. ಅದು ಕೊಡುವುದು ಗಾಢ ಬಣ್ಣ ಮತ್ತು ಒಗರು. ಹಸಿ ಅಡಿಕೆ ಜಗಿದಾಗ, ನೇರಳೆ ಹಣ್ಣು ತಿಂದಾಗ ನಾಲಗೆ ಒಣಗಿ ಹಿಡಿದಂತಾಗುತ್ತದಲ್ಲ, ಅದೇ ಒಗರು. ಇದಕ್ಕೆ ಕಾರಣ ಟ್ಯಾನಿನ್ ಎಂಬ ಅಂಶ. ಎರಡನೆಯದಾದ ಮೆರ್ಲೋ ಮಾಗಿದ ಪ್ಲಮ್ ಹಣ್ಣಿನ ರುಚಿಯನ್ನೂ ಮೃದುತ್ವವನ್ನೂ ತುಂಬುತ್ತದೆ. ಪರಿಮಳಕ್ಕೆ ಕ್ಯಾಬರ್ನೆ ಫ್ರಾಂ, ಬಣ್ಣ ಮತ್ತು ಮಸಾಲೆಯ ಘಾಟಿಗೆ ಪೆಟಿ ವೆರ್ಡೋ ಸ್ವಲ್ಪ ಸ್ವಲ್ಪ ಸೇರುತ್ತವೆ.

ಜಿರೋಂದ್ ನದಿಯ ಎಡದಂಡೆಯ ಮೆಡೋಕ್‌ನಲ್ಲಿ ಜಲ್ಲಿಕಲ್ಲಿನ ನೆಲ. ನೀರು ಬಸಿದು ಹೋಗಿ ಮಣ್ಣು ಬೆಚ್ಚಗಿರುವುದರಿಂದ ಅಲ್ಲಿ ಕ್ಯಾಬರ್ನೆಯದೇ ಮೇಲುಗೈ. ದೋರ್ದೋಯ್ನ್ ನದಿಯ ಬಲದಂಡೆಯಲ್ಲಿರುವ ಪೊಮೆರೋಲ್, ಸೇಂತ್ ಎಮಿಲಿಯೋಂಗಳ ಜೇಡಿ ಮತ್ತು ಸುಣ್ಣಕಲ್ಲಿನ ನೆಲ ಮೆರ್ಲೋಗೆ ಒಗ್ಗುತ್ತದೆ. ಆದುದರಿಂದಲೇ ಎಡದಂಡೆಯ ವೈನ್ ಬಿಗಿ, ಬಲದಂಡೆಯದು ನಯ.

ಪ್ರತಿ ತಳಿಯ ರಸವನ್ನೂ ಬೇರೆ ಬೇರೆಯಾಗಿ ಹುದುಗಿಸಿ, ರುಚಿ ನೋಡಿ, ಬಳಿಕ ಅಳತೆಯಂತೆ ಬೆರೆಸುತ್ತಾರೆ. ಉತ್ತಮ ದರ್ಜೆಯ ವೈನ್ 225 ಲೀಟರಿನ ಓಕ್ ಪೀಪಾಯಿಗಳಲ್ಲಿ ವರ್ಷಕ್ಕೂ ಮಿಕ್ಕಿ ಕಾಯುತ್ತದೆ. ಎಳೆಯದರಲ್ಲಿ ಒಗರು ಮುಂದು. ವರ್ಷಗಳು ಕಳೆದಂತೆ ಒಗರು ಇಳಿದು ತಂಬಾಕು, ಚರ್ಮ, ಒಣಎಲೆಗಳ ಪರಿಮಳ ಮೂಡುತ್ತದೆ. ಇದನ್ನು ಸವಿಯಲು 16ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪು ಸೂಕ್ತ. ಮುಂಬಯಿಯ ಕೋಣೆಯ ಸೆಕೆಯಲ್ಲಿ ಮದ್ಯಸಾರದ ಘಾಟೇ ಮುಂದಾಗುತ್ತದೆ.

ಮಿಶ್ರಣದ ಹಿಂದೆ ರುಚಿಯಷ್ಟೇ ಅಲ್ಲ, ರೈತನ ಲೆಕ್ಕಾಚಾರವೂ ಇದೆ. ಮೆರ್ಲೋ ಬೇಗ ಚಿಗುರುವುದರಿಂದ ವಸಂತದ ಹಿಮಕ್ಕೆ ತುತ್ತಾಗುವ ಭಯ. ಕ್ಯಾಬರ್ನೆ ತಡವಾಗಿ ಮಾಗುವುದರಿಂದ ಕೊಯ್ಲಿನ ಹೊತ್ತಿನ ಮಳೆಯ ಭಯ. ಒಂದು ಕೈಕೊಟ್ಟರೂ ಇನ್ನೊಂದು ಉಳಿಸೀತು. 1956ರ ಫೆಬ್ರವರಿಯ ಭಾರೀ ಹಿಮಕ್ಕೆ ಅಪಾರ ಬಳ್ಳಿಗಳು ಸತ್ತವು. ಮಾಲ್ಬೆಕ್ ತಳಿ ಅಲ್ಲಿ ಹಿಂದೆ ಸರಿದು, ಮೆರ್ಲೋ ಹೆಚ್ಚಾಯಿತು.

ಇಂದು ಅದೇ ಮೆರ್ಲೋ ಚಿಂತೆಗೆ ಕಾರಣವಾಗಿದೆ. ಬಿಸಿಲು ಏರಿದಂತೆ ಹಣ್ಣು ಬೇಗ ಮಾಗಿ, ಸಕ್ಕರೆ ಹೆಚ್ಚಿ, ವೈನಿನ ಮದ್ಯಸಾರವೂ ಏರುತ್ತಿದೆ. ಸಮತೋಲನ ತಪ್ಪಿದರೆ ಬೋರ್ಡೋದ ಗುರುತೇ ಮಾಸೀತು. ಹೀಗಾಗಿ ಶತಮಾನಗಳ ಸಂಪ್ರದಾಯದ ನಾಡು 2021ರಲ್ಲಿ ಪೋರ್ಚುಗಲ್‌ನ ಟೂರಿಗಾ ನಾಸಿಯೋನಾಲ್ ಸೇರಿ ನಾಲ್ಕು ಕೆಂಪು ಮತ್ತು ಎರಡು ಬಿಳಿ ತಳಿಗಳಿಗೆ ಬಾಗಿಲು ತೆರೆಯಿತು. ತೋಟದ ಶೇ. 5 ಮತ್ತು ಮಿಶ್ರಣದ ಶೇ. 10 ಮೀರಬಾರದೆಂಬ ಕಟ್ಟುಪಾಡೂ ಇದೆ.

ಹೊಸಬರಿಗೆ ಜಾಗ ಕೊಡಬೇಕು, ಮನೆಯ ರುಚಿ ಕೆಡಬಾರದು. ಪರವೂರಿನಲ್ಲಿ ಬದುಕು ಕಟ್ಟಿಕೊಂಡವರಿಗೆ ಬೋರ್ಡೋ ರೈತನ ಈ ಕಷ್ಟ ಬೇಗ ಅರ್ಥವಾದೀತು.