ಕಡಗೋಲಿನ ಫೋಟೋ

ಜಾತ್ರೆಯಲ್ಲಿ ಮರದ ಸಾಮಾನು ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಕೈಯಲ್ಲಿ ಹಿಡಿದು, ತಿರುಗಿಸಿ, ಬೆರಳಾಡಿಸಿ ನೋಡುತ್ತೇವೆ. ಫೋಟೋ ನೋಡಿ ಕೊಳ್ಳುವವರಿಗೆ ಕಣ್ಣು ಮಾತ್ರ ಇದೆ.

ನಾವು ಸಂಘದವರು ತಿ. ನರಸೀಪುರದಿಂದ ನಂಜನಗೂಡಿನ ಒಬ್ಬ ಅಂಗಡಿಯವರಿಗೆ ಮೊಬೈಲಿನಲ್ಲಿ ಕಡಗೋಲಿನ ಫೋಟೋ ಕಳಿಸಿದೆವು. ಅದು ನಡುಮಧ್ಯಾಹ್ನ ಅಂಗಳದಲ್ಲಿ ತೆಗೆದದ್ದು. "ಇದೇನಕ್ಕಾ, ಸೀಳು ಬಿಟ್ಟಿದೆ, ಬೇಡ" ಅಂದರು. ಅದು ಸೀಳಲ್ಲ, ಸುಡುಬಿಸಿಲಿನ ಕಪ್ಪು ನೆರಳು!

ಹಾಗಾದರೆ ಎಲ್ಲಿ ತೆಗೆಯಬೇಕು? ಬಾಗಿಲ ಒಳಗೆ, ಹೊಸ್ತಿಲ ಹತ್ತಿರ. ಬಿಸಿಲು ನೇರ ಬೀಳಬಾರದು. ಬೆಳಕು ಪಕ್ಕದಿಂದ ಬರಬೇಕು. ಆಗ ಮರದ ಎಳೆ ಎದ್ದು ಕಾಣುತ್ತದೆ. ಇನ್ನೊಂದು ಪಕ್ಕ ಕಪ್ಪಾದರೆ ಅಲ್ಲಿ ಬಿಳಿ ಕಾಗದ ಹಿಡಿಯಿರಿ. ಕಾಗದಕ್ಕೆ ಬಿದ್ದ ಬೆಳಕು ಸಾಮಾನಿನ ಮೇಲೆ ಬರುತ್ತದೆ.

ಚನ್ನಪಟ್ಟಣದ ಬೊಂಬೆ ಆದರೆ ಇನ್ನೂ ಎಚ್ಚರ ಬೇಕು. ಅದು ಹಾಲೆ ಮರದ್ದು. ಗರಗರ ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮಿರಮಿರ ಹೊಳೆಯುತ್ತದೆ. ಫ್ಲಾಶ್ ಹಾಕಿದರೆ ಆ ಹೊಳಪಿನ ಮೇಲೆ ಬಿಳಿ ಮಚ್ಚೆ ಬೀಳುತ್ತದೆ. ಬಣ್ಣವೇ ಕಾಣುವುದಿಲ್ಲ. ಫ್ಲಾಶ್ ಬೇಡವೇ ಬೇಡ. ಬಾಗಿಲಿಗೆ ತೆಳು ಬಿಳಿ ಪಂಚೆ ಕಟ್ಟಿ, ಬೆಳಕು ಮೆತ್ತಗಾಗುತ್ತದೆ.

ಕೆಳಗೆ ಹೂವಿನ ಸೀರೆ ಹಾಸಬೇಡಿ. ನೋಡುವವರ ಕಣ್ಣು ಸೀರೆಗೇ ಹೋಗುತ್ತದೆ. (ಸೀರೆ ಮಾರುವುದಾದರೆ ಸರಿ!) ಒಂದೇ ಬಣ್ಣದ ಬಟ್ಟೆ ಸಾಕು. ಉದ್ದನೆಯ ಕಡಗೋಲನ್ನು ಓರೆಯಾಗಿ ಇಡಿ, ಪೂರ್ತಿ ಹಿಡಿಸುತ್ತದೆ. ಇನ್ನೊಂದು ಫೋಟೋದಲ್ಲಿ ಪಕ್ಕಕ್ಕೆ ಒಂದು ಲೋಟ ಇಟ್ಟರೆ ಅಳತೆ ತಿಳಿಯುತ್ತದೆ. ನಿಜವಾಗಿ ಸೀಳಿದ್ದರೆ ಅದನ್ನೂ ತೋರಿಸಿ. ಮುಚ್ಚಿಟ್ಟರೆ ಸಾಮಾನು ವಾಪಸ್ ಬರುತ್ತದೆ, ಬಸ್ಸಿನ ಖರ್ಚು ನಮ್ಮದೇ.

ಮಾರನೆಯ ದಿನ ಅದೇ ಕಡಗೋಲನ್ನು ಹೊಸ್ತಿಲ ಬಳಿ ಇಟ್ಟು ಮತ್ತೆ ಫೋಟೋ ತೆಗೆದೆವು. "12 ಕಳಿಸಿ ಅಕ್ಕಾ" ಅಂದರು.