ಟ್ರ್ಯಾಕ್ಟರ್ ಬಾಡಿಗೆಯ ಲೆಕ್ಕ ಕಂಪ್ಯೂಟರಿಗೂ ಸೈ

ಜಹೀರಾಬಾದಿನಲ್ಲಿ ಮಹೀಂದ್ರಾ ಕಂಪನಿಯ ದೊಡ್ಡ ಟ್ರ್ಯಾಕ್ಟರ್ ಕಾರ್ಖಾನೆಯಿದೆ. 2013ರಿಂದ ಅಲ್ಲಿ ಟ್ರ್ಯಾಕ್ಟರುಗಳು ತಯಾರಾಗುತ್ತಿವೆ. ಆದರೂ ಅದೇ ಸೀಮೆಯ, ನಾರಾಯಣಖೇಡ ಕಡೆಯ ಸಣ್ಣ ರೈತರು ಹೊಲ ಹರಗಲು ಗಂಟೆಗಿಷ್ಟು ಎಂದು ಬಾಡಿಗೆ ಟ್ರ್ಯಾಕ್ಟರನ್ನೇ ಕರೆಸುತ್ತಾರೆ. ತಾಂಡೂರಿನ ತೊಗರಿಯನ್ನೇ ನೋಡಿ: ಮುಂಗಾರಿಗೆ ಬಿತ್ತಿದರೆ ರಾಶಿ ಮಾಡುವುದು ಡಿಸೆಂಬರ್, ಜನವರಿಯ ಹೊತ್ತಿಗೆ. ಎರಡು ಮೂರು ಎಕರೆಯವನಿಗೆ ನಡುವಿನ ತಿಂಗಳುಗಳಲ್ಲಿ ಟ್ರ್ಯಾಕ್ಟರಿಗೆ ಹಚ್ಚುವಂಥ ಕೆಲಸವೇ ಇರುವುದಿಲ್ಲ, ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಬಾಡಿಗೆಗೆ ತಂದರೆ ರಿಪೇರಿ, ಟೈರು, ಡ್ರೈವರ್ ಎಲ್ಲ ಮಾಲೀಕನ ತಲೆನೋವು.

ಕ್ಲೌಡ್ ಕಂಪ್ಯೂಟಿಂಗ್ ಎಂದರೆ ಇದೇ ಲೆಕ್ಕ.

ಹತ್ತನೇ ತರಗತಿಯ ಫಲಿತಾಂಶದ ದಿನ ಏನಾಗುತ್ತದೆ? ವರ್ಷವಿಡೀ ತೆಪ್ಪಗಿದ್ದ ಜಾಲತಾಣಕ್ಕೆ ಒಂದೇ ಗಂಟೆಯಲ್ಲಿ ಲಕ್ಷಗಟ್ಟಲೆ ಮಂದಿ ನುಗ್ಗುತ್ತಾರೆ. ಹಿಂದಿರುವ ಸರ್ವರ್ (ತಾಣವನ್ನು ನಡೆಸುವ ಕಂಪ್ಯೂಟರ್) ಒಂದೆರಡೇ ಆದರೆ ತಾಣ ಕುಸಿಯುತ್ತದೆ. ಆ ಒಂದು ದಿನಕ್ಕಾಗಿ ಇಪ್ಪತ್ತು ಸರ್ವರ್ ಕೊಂಡರೆ ಉಳಿದ ದಿನ ಅವು ದೂಳು ತಿನ್ನುತ್ತವೆ. ಬಾಡಿಗೆಯಾದರೆ ಬೆಳಿಗ್ಗೆ ಇಪ್ಪತ್ತು ಪಡೆದು ಸಂಜೆ ಮರಳಿಸಬಹುದು.

ಈ ಯೋಚನೆ ಹಳೆಯದು. ವಿದ್ಯುತ್ತು, ಟೆಲಿಫೋನಿನಂತೆ ಗಣನ ಶಕ್ತಿಯೂ ಒಂದು ದಿನ ಸಾರ್ವಜನಿಕ ಸೇವೆಯಾದೀತು ಎಂದು ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ತಿ 1961ರಲ್ಲೇ ಎಂಐಟಿಯಲ್ಲಿ ಹೇಳಿದ್ದರು. ಅದೇ ದಶಕದಲ್ಲಿ ಐಬಿಎಂ ಎಂಜಿನಿಯರುಗಳು ಮುಖ್ಯವಾದ ಚಳಕವೊಂದನ್ನು ಸಾಧಿಸಿದರು. ಒಂದು ದೊಡ್ಡ ಯಂತ್ರವನ್ನು ತಂತ್ರಾಂಶದಿಂದಲೇ ಹಲವು ಪಾಲು ಮಾಡಿ, ಪ್ರತಿ ಪಾಲೂ ಸ್ವತಂತ್ರ ಕಂಪ್ಯೂಟರಿನಂತೆ ವರ್ತಿಸುವ ಹಾಗೆ ಮಾಡಿದ್ದು. ಪಕ್ಕದ ಪಾಲಿನಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದು ಬಾಡಿಗೆದಾರನಿಗೆ ಕಾಣುವುದಿಲ್ಲ. ಹೊಸ ಯಂತ್ರ ತಂದು ಜೋಡಿಸಬೇಕಿಲ್ಲವಾದ್ದರಿಂದ ಕೇಳಿದ ನಿಮಿಷದಲ್ಲಿ ‘ಕಂಪ್ಯೂಟರ್’ ಸಿದ್ಧ. ಇದನ್ನು ಕ್ರೆಡಿಟ್ ಕಾರ್ಡ್ ಇದ್ದವರಿಗೆಲ್ಲ ಸಿಗುವಂತೆ ಮಾಡಿದ್ದು ಅಮೆಜಾನ್. 2006ರ ಮಾರ್ಚಿನಲ್ಲಿ ಅದು ದತ್ತಾಂಶ ಇಡುವ ಜಾಗವನ್ನು, ಆಗಸ್ಟಿನಲ್ಲಿ ಕಂಪ್ಯೂಟರನ್ನೇ ಬಾಡಿಗೆಗೆ ಬಿಟ್ಟಿತು. ದರ ಗಂಟೆಗೆ ಹತ್ತು ಸೆಂಟ್!

ಈ ಯಂತ್ರಗಳಿರುವುದು ನೆಲದ ಮೇಲೆಯೇ. ಅಮೆಜಾನಿನ ಹೈದರಾಬಾದ್ ಕೇಂದ್ರ ಶುರುವಾದದ್ದು 2022ರ ನವೆಂಬರಿನಲ್ಲಿ. ಅದಕ್ಕೆ ಆರಿಸಿಕೊಂಡ ಜಾಗಗಳಲ್ಲಿ ರಂಗಾರೆಡ್ಡಿ ಜಿಲ್ಲೆಯ ಶಾಬಾದ್ ಮಂಡಲದ (ಕಲಬುರಗಿಯ ಶಹಾಬಾದ್ ಅಲ್ಲ) ಚಂದನವೆಳ್ಳಿಯೂ ಒಂದು. ಕಿಟಕಿಯಿಲ್ಲದ ಕಟ್ಟಡ, ಒಳಗೆ ಸಾಲುಸಾಲು ಸರ್ವರ್, ಅವುಗಳ ಕಾವು ತೆಗೆಯಲು ಎಡೆಬಿಡದ ತಂಪು, ಕರೆಂಟ್ ಹೋದರೆ ಜನರೇಟರ್. ಹಾಗೆ ಅಲ್ಲಲ್ಲಿ ದೂರದೂರ ಇರುವ ಕಟ್ಟಡಗಳ ಮೂರು ಗುಂಪುಗಳು ಸೇರಿ ಒಂದು ಕೇಂದ್ರ. ಒಂದಕ್ಕೆ ಬೆಂಕಿ ಬಿದ್ದರೂ ಉಳಿದವು ಕೆಲಸ ನಡೆಸಬೇಕೆಂಬ ಏರ್ಪಾಡು.

ಬಾಡಿಗೆಯೇ ಯಾವಾಗಲೂ ಅಗ್ಗ ಎಂಬ ಜಾಹೀರಾತನ್ನು ಮಾತ್ರ ನಂಬಬಾರದು. ವರ್ಷಪೂರ್ತಿ ಉಳುಮೆ ಇರುವವನು ಟ್ರ್ಯಾಕ್ಟರ್ ಕೊಳ್ಳುವುದೇ ಜಾಣತನ. ಅಮೆರಿಕದ 37ಸಿಗ್ನಲ್ಸ್ ಎಂಬ ತಂತ್ರಾಂಶ ಕಂಪನಿ 2022ರಲ್ಲಿ ಕ್ಲೌಡಿಗೆ ಸುಮಾರು 32 ಲಕ್ಷ ಡಾಲರ್ ತೆತ್ತಿತು. ಕೆಲಸದ ಹೊರೆ ಹೆಚ್ಚುಕಡಿಮೆ ಒಂದೇ ಸಮ ಇರುವಾಗ ಇಷ್ಟೇಕೆ ಎಂದು ಲೆಕ್ಕ ಹಾಕಿ, ಮರುವರ್ಷ ಸ್ವಂತ ಸರ್ವರುಗಳನ್ನು ಕೊಂಡು ಬಹುಮಟ್ಟಿಗೆ ಹೊರಬಂದಿತು.

ಮೊಬೈಲಿನ ಫೋಟೊಗಳಿಗೂ ಇದೇ ಕರಾರು. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಆಮೇಲೆ ಬಾಡಿಗೆ. ಕಟ್ಟುವುದನ್ನು ನಿಲ್ಲಿಸಿ, ಮಿತಿ ಮೀರಿದ ಖಾತೆಯನ್ನು ಎರಡು ವರ್ಷ ಹಾಗೇ ಬಿಟ್ಟರೆ ಒಳಗಿರುವುದನ್ನು ಅಳಿಸುವ ಅಧಿಕಾರ ಕಂಪನಿಗಿದೆ. ಮದುವೆ, ನಾಮಕರಣದ ಚಿತ್ರಗಳ ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲೂ ಇರಲಿ.