ಭಂಡಾರಕ್ಕೆ ಬಂದ ಓಲೆಕಟ್ಟು

1905ರ ಸುಮಾರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಗ್ರಂಥಲಿಪಿಯ ಓಲೆಕಟ್ಟೊಂದನ್ನು ಒಪ್ಪಿಸಿದರು. ಆರ್. ಶಾಮಶಾಸ್ತ್ರಿಗಳು ಅದನ್ನು ಪರಿಶೀಲಿಸಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಪ್ರಕಟಿಸಿದುದು ಲೋಕವಿದಿತ. ಕೊಟ್ಟ ಪಂಡಿತರಾದರೋ ಗ್ರಂಥದ ಪೀಠಿಕೆಯಲ್ಲಿ ಹೆಸರಿಲ್ಲದೆಯೇ ಉಳಿದರು. ಆ ಕಟ್ಟು ಯಾವ ಮನೆತನದಲ್ಲಿತ್ತು ಎಂಬ ಪ್ರಶ್ನೆಗೆ ಆ ಪೀಠಿಕೆಯಲ್ಲಿ ಉತ್ತರ ದೊರೆಯದು.

ದಾನವಾಗಿ ಬಂದ ಓಲೆಗಳ ಬೆಲೆಕಟ್ಟುವ ಕಾರ್ಯವು ಓದುವುದಕ್ಕಿಂತ ಮೊದಲು, ಕೇಳುವುದರಿಂದಲೇ ಆರಂಭವಾಗಬೇಕು. ಕೊಟ್ಟವರು ಯಾರು, ಅವರಿಗೆ ಯಾರಿಂದ ಬಂದಿತು, ಮನೆಯಲ್ಲಿ ಅದನ್ನು ಪೂಜಿಸುತ್ತಿದ್ದರೇ ಓದುತ್ತಿದ್ದರೇ ಎಂಬುದನ್ನು ಅಂದೇ ಬರೆದಿಡತಕ್ಕದ್ದು. ಕೊಟ್ಟವರು ಹೋದ ಮೇಲೆ ಈ ತಿಳಿವಳಿಕೆಯನ್ನು ಯಾವ ಪಾಂಡಿತ್ಯವೂ ಮರಳಿ ತರಲಾರದು. ಬಳಿಕ ಕಟ್ಟನ್ನು ಕೆಲಕಾಲ ಪ್ರತ್ಯೇಕವಾಗಿರಿಸಿ ಹುಳು, ಬೂಷ್ಟುಗಳನ್ನು ನೋಡಬೇಕು. ಇಲ್ಲವಾದರೆ ಒಂದರ ರೋಗ ಭಂಡಾರಕ್ಕೆಲ್ಲ ಹರಡೀತು. ಗರಿಗಳ ಕ್ರಮ ತಪ್ಪಿದಂತೆ ಕಂಡರೂ ಒಡನೆಯೇ ತಿದ್ದದೆ, ಬಂದಿದ್ದ ಕ್ರಮವನ್ನು ಮೊದಲು ಗುರುತಿಸಿಕೊಳ್ಳುವುದು ಲೇಸು.

ಕಾಲನಿರ್ಣಯಕ್ಕೆ ಲಿಪಿಕಾರನ ಸಮಾಪ್ತಿವಾಕ್ಯವೇ ಮುಖ್ಯ ಆಧಾರ. ಆದರೆ ಸಂವತ್ಸರದ ಹೆಸರು 60 ವರ್ಷಗಳಿಗೊಮ್ಮೆ ಮರಳುವುದರಿಂದ, ಶಕವರ್ಷವಿಲ್ಲದೆಡೆ ತಿಥಿವಾರಗಳ ಹೊಂದಿಕೆಯನ್ನು ಗಣಿಸಿ ನೋಡಬೇಕಾಗುತ್ತದೆ. ಹಾಗೆ ದೊರೆಯುವುದೂ ಪ್ರತಿಯಾದ ಕಾಲವೇ ಹೊರತು ಕೃತಿಯ ಕಾಲವಲ್ಲ.

ಅತ್ಯಂತ ಅಪಾಯಕರವಾದ ತೀರ್ಪೆಂದರೆ ‘ಇದು ನಮ್ಮಲ್ಲಿ ಇದೆ’ ಎಂಬುದು. ಶೂನ್ಯಸಂಪಾದನೆ ಎಂಬ ಒಂದೇ ಹೆಸರಿನಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಈ ನಾಲ್ವರ ಸಂಕಲನಗಳಿವೆ. ಹೊದಿಕೆಯ ಮೇಲಿನ ಹೆಸರನ್ನಷ್ಟೇ ಓದಿ ಒಂದನ್ನಿಟ್ಟುಕೊಂಡು ಉಳಿದುವನ್ನು ಮರಳಿಸಿದ್ದರೆ, ಪ್ರಭುದೇವರ ಸಂವಾದಗಳು ಕೈಯಿಂದ ಕೈಗೆ ಹೇಗೆ ಬೆಳೆದುವೆಂಬುದು ತಿಳಿಯುತ್ತಲೇ ಇರಲಿಲ್ಲ. ಅಚ್ಚಾದ ವಚನಗಳ ಓಲೆಪ್ರತಿಗೂ ಇದೇ ನ್ಯಾಯ. ಒಂದು ಪಾಠಾಂತರವು ಅರ್ಥವನ್ನೇ ತಿರುಗಿಸಬಲ್ಲುದು.

ಕಟ್ಟಿನ ನಡುವೆ ಸಿಕ್ಕ ಸಾಲದ ಚೀಟಿ, ದವಸದ ಲೆಕ್ಕಗಳನ್ನು ಸಾಹಿತ್ಯಾಸಕ್ತರು ಕಸವೆಂದು ತೆಗೆದಿಡುವುದುಂಟು. ಕಟ್ಟು ಯಾವ ಊರಿನಲ್ಲಿ, ಯಾರ ಮನೆಯಲ್ಲಿತ್ತೆಂಬುದಕ್ಕೆ ಒಮ್ಮೊಮ್ಮೆ ಅವೇ ಏಕೈಕ ಸಾಕ್ಷಿ. ಎಲ್ಲವನ್ನೂ ಇರಿಸಿಕೊಳ್ಳಲು ಯಾವ ಭಂಡಾರಕ್ಕೂ ಸ್ಥಳವಿರದು, ನಿಜ. ಬೇಡವೆನಿಸಿದುದನ್ನು ಪಟ್ಟಿಮಾಡಿ, ಕಾರಣ ತಿಳಿಸಿ ಕೊಟ್ಟವರಿಗೇ ಹಿಂದಿರುಗಿಸಬೇಕು. ಅವರು ಬೇಡವೆಂದರೆ ಅವರ ಒಪ್ಪಿಗೆ ಪಡೆದು ಬೇರೊಂದು ಭಂಡಾರಕ್ಕೆ ಕಳುಹಿಸಬಹುದು.